ಬೆಕ್ಕು 'ಕಾಥ್', ಆ ಬೆಕ್ಕು ಮಾತ್ರ 'ಗಾಥ್'

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರದೇಶದ ಭಾಷೆ ಕಾರ್ನಿಶ್. ಅದನ್ನು ಕಲಿಯಲು ಶುರು ಮಾಡಿದವರು ಮೊದಲು ತರುವ ದೂರು ಒಂದೇ: ಪಾಠದಲ್ಲಿರುವ ಪದ ನಿಘಂಟಿನಲ್ಲಿ ಸಿಗುತ್ತಿಲ್ಲ. ನಾನು ಭಾಷಾವಿಜ್ಞಾನ ಪಾಠ ಮಾಡುವವಳು. ಸೆಲ್ಟಿಕ್ ಭಾಷೆಗಳ, ಅಂದರೆ ಐರಿಶ್, ವೆಲ್ಶ್, ಕಾರ್ನಿಶ್ ಸೇರಿದ ಗುಂಪಿನ, ವಿಷಯ ಬಂದಾಗ ಕಾರ್ನಿಶ್ ಉದಾಹರಣೆಗಳನ್ನೇ ಜಾಸ್ತಿ ಕೊಡುತ್ತೇನೆ. ವಿದ್ಯಾರ್ಥಿ 'ವೆನಿನ್' ಪದವನ್ನು ವಕಾರದಲ್ಲಿ ಹುಡುಕುತ್ತಾ ಕೂತಿರುತ್ತಾನೆ. ಅದು ಇರುವುದು ಬಕಾರದಲ್ಲಿ: 'ಬೆನಿನ್', ಅಂದರೆ ಹೆಂಗಸು. 'ಅನ್' ಬಂದು ಮುಂದೆ ನಿಂತರೆ 'ಅನ್ ವೆನಿನ್'.

ಇಂಗ್ಲಿಷಿನ 'ದಿ' ಮಾಡುವ ಕೆಲಸವನ್ನು ಕಾರ್ನಿಶ್‌ನಲ್ಲಿ ಈ 'ಅನ್' ಮಾಡುತ್ತದೆ. ಅದರ ನಂತರ ಸ್ತ್ರೀಲಿಂಗದ ಏಕವಚನ ಪದ ಬಂದರೆ ಪದದ ಮೊದಲ ವ್ಯಂಜನ ಮೆತ್ತಗಾಗುತ್ತದೆ. ಬೆಕ್ಕು 'ಕಾಥ್', ಆ ಬೆಕ್ಕು 'ಅನ್ ಗಾಥ್'. ಕೇಕು 'ಟೆಸನ್', ಆ ಕೇಕು 'ಅನ್ ಡೆಸನ್'. ಪೆನ್ನು 'ಪ್ಲೂವೆನ್', ಆ ಪೆನ್ನು 'ಅನ್ ಬ್ಲೂವೆನ್'. ಅಮ್ಮ 'ಮಾಮ್', ಆಕೆಯೂ 'ಅನ್ ವಾಮ್' ಆಗುತ್ತಾಳೆ. ಕುರಿ 'ಡಾವಸ್' ಹೋಗಿ 'ಅನ್ ದಾವಸ್' ಆಗುತ್ತದೆ. ಈ ದಕಾರವನ್ನು ಇಂಗ್ಲಿಷಿನ 'ದಿಸ್' ಪದದ ದಕಾರದ ಹಾಗೆ ಓದಿಕೊಳ್ಳಿ. ಪಾಪ, ಆಡಿನದ್ದೇ ಕಷ್ಟ. 'ಗಾವರ್' ಪದದ ಗಕಾರ ಪೂರ್ತಿ ಮಾಯವಾಗಿ ಬರೀ 'ಅನ್ ಆವರ್' ಉಳಿಯುತ್ತದೆ.

ಪುಲ್ಲಿಂಗಕ್ಕೆ ಈ ಗೊಡವೆ ಇಲ್ಲ. ನಾಯಿ 'ಕೀ', ಆ ನಾಯಿ 'ಅನ್ ಕೀ'. ಗಂಡಸು 'ಡೇನ್', ಆ ಗಂಡಸು 'ಅನ್ ಡೇನ್'. ಕಾರ್ನಿಶ್‌ನಲ್ಲಿ ನಪುಂಸಕ ಲಿಂಗವೇ ಇಲ್ಲ. ಮರ, ಬಂಡೆ, ಕೇಕು ಎಲ್ಲವೂ ಎರಡರಲ್ಲಿ ಒಂದು ಕಡೆ ಸೇರಲೇಬೇಕು.

ಕನ್ನಡ ಓದಿದವರಿಗೆ ಇದು ತೀರಾ ಹೊಸದೇನಲ್ಲ. ಶಾಲೆಯ ಆದೇಶ ಸಂಧಿ ನೆನಪಿದೆ ಅಲ್ವಾ? ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಮೆಲ್, ಮಾತು ಸೇರಿ ಮೆಲ್ವಾತು. ಕಕಾರ ಗಕಾರವಾಗುವುದು, ಮಕಾರ ವಕಾರವಾಗುವುದು ಅಲ್ಲೂ ಇದೆ, ಇಲ್ಲೂ ಇದೆ. ಆದರೆ ನಮ್ಮಲ್ಲಿ ಹಾಗೆ ಬದಲಾಗುವ ಪದದ ಲಿಂಗ ಯಾವುದು ಅಂತ ಯಾರೂ ಕೇಳುವುದಿಲ್ಲ. ಕಾರ್ನಿಶ್‌ನಲ್ಲಿ ಮೊದಲ ಪ್ರಶ್ನೆಯೇ ಅದು. 'ಅನ್' ಎರಡೂ ಲಿಂಗಕ್ಕೂ ಒಂದೇ. ಹಾಗಾದರೆ 'ಕೀ' ಯಾಕೆ ಗಟ್ಟಿಯಾಗಿ ನಿಂತಿತು, 'ಕಾಥ್' ಯಾಕೆ ಬಗ್ಗಿತು?

ಉತ್ತರ ಬೇಕಾದರೆ ಸುಮಾರು ಎರಡು ಸಾವಿರ ವರ್ಷ ಹಿಂದೆ ಹೋಗಬೇಕು. ಆಗ 'ಅನ್' ಅನ್ನುವ ಈ ಆರ್ಟಿಕಲ್ ಇಷ್ಟು ಸವೆದಿರಲಿಲ್ಲ. ವಿದ್ವಾಂಸರು ಲೆಕ್ಕ ಹಾಕಿ ಕಟ್ಟಿಕೊಂಡಿರುವ ರೂಪಗಳ ಪ್ರಕಾರ, ಸ್ತ್ರೀಲಿಂಗದ ಮುಂದೆ ಅದು 'ಸಿಂಡಾ', ಪುಲ್ಲಿಂಗದ ಮುಂದೆ 'ಸಿಂಡೊಸ್' ಅನ್ನುವ ಹಾಗೆ ಇತ್ತು. 'ಸಿಂಡಾ' ಮುಗಿಯುವುದು ಸ್ವರದಲ್ಲಿ. ಹಿಂದೊಂದು ಸ್ವರ, ಮುಂದೊಂದು ಸ್ವರ, ನಡುವೆ ಸಿಕ್ಕಿದ ವ್ಯಂಜನ ಮೆತ್ತಗಾಯಿತು. ಮಳೆಗಾಲದಲ್ಲೂ ಆಗಿರುವುದು ಅದೇ. 'ಸಿಂಡೊಸ್' ಕೊನೆಗಿದ್ದ ಸಕಾರ ಅಡ್ಡ ನಿಂತು ಮುಂದಿನ ವ್ಯಂಜನವನ್ನು ಕಾಪಾಡಿತು. ಆಮೇಲೆ ಎರಡರ ಬಾಲವೂ ಉದುರಿ 'ಅನ್' ಉಳಿಯಿತು. ಕಾರಣ ಹೋಯಿತು, ಪರಿಣಾಮ ಪಕ್ಕದ ಪದದಲ್ಲಿ ನಿಂತುಬಿಟ್ಟಿತು.

ಇದು ಗೊತ್ತಾದರೆ ಬಹುವಚನದ ಒಗಟೂ ಬಿಡುತ್ತದೆ. ಬಹುವಚನದಲ್ಲಿ ಲೆಕ್ಕ ತಲೆಕೆಳಗು. ಹೆಂಗಸರು 'ಅನ್ ಬೆನೆನೆಸ್', ಬದಲಾವಣೆಯೇ ಇಲ್ಲ. ಆದರೆ ಗಂಡುಮಕ್ಕಳು, ಅಂದರೆ 'ಮೆಬ್ಯೊನ್', 'ಅನ್ ವೆಬ್ಯೊನ್' ಆಗುತ್ತಾರೆ. ಜನ 'ಟೂಸ್', 'ಅನ್ ಡೂಸ್' ಆಗುತ್ತಾರೆ. ಹಳೆಯ ಬಹುವಚನ ರೂಪಗಳಲ್ಲಿ ಸಕಾರ ಇದ್ದದ್ದು ಸ್ತ್ರೀಲಿಂಗದ ಕೊನೆಗೆ, ಸ್ವರ ಇದ್ದದ್ದು ಪುಲ್ಲಿಂಗದ ಕೊನೆಗೆ. ಈಗ ಪುಲ್ಲಿಂಗ ಬಹುವಚನದಲ್ಲಿ ಈ ನಿಯಮ ಮನುಷ್ಯರನ್ನು ಹೇಳುವ ಪದಗಳಿಗೆ ಮಾತ್ರ. ಅದರಲ್ಲೂ 'ಟಾಸೋ', ಅಂದರೆ ಅಪ್ಪಂದಿರು, ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ. ಕಲ್ಲುಗಳು, ಕುದುರೆಗಳು ಮನುಷ್ಯರಲ್ಲದಿದ್ದರೂ ಬದಲಾಗುತ್ತವೆ. ಇವನ್ನು ಸುಮ್ನೆ ಬಾಯಿಪಾಠ ಮಾಡಿಕೊಳ್ಳಬೇಕು.

ಪುಸ್ತಕಕ್ಕಿಂತ ಚೆನ್ನಾಗಿ ಈ ನಿಯಮ ಕಾಣುವುದು ಕಾರ್ನ್‌ವಾಲ್‌ನ ಊರಿನ ಹೆಸರುಗಳಲ್ಲಿ. ಹೇಲ್ ಪಟ್ಟಣದ ಹತ್ತಿರ ಆಂಗರಕ್ ಅಂತ ಒಂದು ಹಳ್ಳಿ ಇದೆ. ಬಂಡೆಗೆ 'ಕರೆಕ್' ಅನ್ನುತ್ತಾರೆ, ಸ್ತ್ರೀಲಿಂಗ. 'ಅನ್ ಗರೆಕ್' ಅಂದರೆ ಆ ಬಂಡೆ. ಆರ್ಟಿಕಲ್ಲೂ ಬದಲಾದ ಅಕ್ಷರವೂ ಊರಿನ ಬೋರ್ಡಿನ ಮೇಲೇ ಇವೆ. ನನಗೆ ಇದಕ್ಕಿಂತ ಇಷ್ಟವಾದದ್ದು ಆಂಡ್ರೆವಾರ್ಥಾ ಅನ್ನುವ ಮನೆತನದ ಹೆಸರು. ಯಾರೋ ಆಂಡ್ರೂ ವಂಶದವರು ಅನ್ನಿಸುತ್ತದೆ. ಅಲ್ಲ, ಅದು 'ಅನ್ ಡ್ರೇ ವಾರ್ಥಾ', ಮೇಲಿನ ಹಟ್ಟಿ. 'ಟ್ರೇ' ಸ್ತ್ರೀಲಿಂಗವಾದ್ದರಿಂದ 'ಡ್ರೇ' ಆಯಿತು. ಅದರ ಹಿಂದೆಯೇ ಬಂದ 'ಗ್ವಾರ್ಥಾ' ಅನ್ನುವ ವಿಶೇಷಣವೂ ಗಕಾರ ಕಳೆದುಕೊಂಡಿತು.

ಇಂಥ ಹೆಸರುಗಳು ಭಾಷೆಗಿಂತ ಗಟ್ಟಿ. ಮೌಸಲ್ ಊರಿನ ಡಾಲಿ ಪೆಂಟ್ರೀತ್ ತೀರಿಕೊಂಡದ್ದು 1777ರಲ್ಲಿ. ಹಳೆಯ ಕಾರ್ನಿಶ್ ಆಡುತ್ತಿದ್ದ ಕೊನೆಯವರ ಪೈಕಿ ಅವರ ಹೆಸರನ್ನೇ ಹೇಳುವುದು ವಾಡಿಕೆ. 1880ರ ದಶಕದಿಂದ ನಮ್ಮ ಕೆಜಿಎಫ್ ಗಣಿಗಳಿಗೆ ಕೆಲಸಕ್ಕೆ ಬಂದ ಕಾರ್ನ್‌ವಾಲ್ ಗಣಿಗಾರರು ಮನೆಯಲ್ಲಿ ಆಡುತ್ತಿದ್ದದ್ದು ಇಂಗ್ಲಿಷೇ. 1904ರಲ್ಲಿ ಹೆನ್ರಿ ಜೆನ್ನರ್ ಕಲಿಕೆಯ ಕೈಪಿಡಿ ಬರೆದ ಮೇಲೆ ಭಾಷೆ ಮತ್ತೆ ಚಿಗುರಿತು. 2008ರಲ್ಲಿ ಒಪ್ಪಿತ ಬರವಣಿಗೆಯ ರೂಪವೂ ಬಂತು.

ಇನ್ನು ಕಲಿಯುವವರಿಗೆ ನನ್ನ ಸಲಹೆ. ಕೋಷ್ಟಕ ಉರುಹೊಡೆಯಬೇಡಿ. ಪದವನ್ನು ಜೋಡಿಯಾಗಿ ಕಲಿಯಿರಿ: 'ಕಾಥ್, ಅನ್ ಗಾಥ್'. ಬರೀ 'ಅನ್ ಗಾಥ್' ಕಲಿತರೆ ಮೂಲ ಅಕ್ಷರ ಮರೆಯುತ್ತದೆ, ಮತ್ತೆ ನಿಘಂಟಿನ ಗೋಳು. ನ, ರ, ಲ ಮುಂತಾದ ಅಕ್ಷರಗಳು ಬದಲಾಗುವುದಿಲ್ಲ. ಅಲ್ಲಿ ಲಿಂಗ ಗೊತ್ತಾಗಲು ಪದದ ನಂತರ ಬರುವ ವಿಶೇಷಣ ನೋಡಬೇಕು. ರಾತ್ರಿ 'ನೋಸ್', ಸ್ತ್ರೀಲಿಂಗ. ಒಳ್ಳೆಯದು 'ಡಾ'. ಶುಭರಾತ್ರಿ ಹೇಳುವಾಗ 'ನೋಸ್ ದಾ'. ಹಗಲು 'ಡೀದ್' ಪುಲ್ಲಿಂಗ, ಹಾಗಾಗಿ ನಮಸ್ಕಾರ ಹೇಳುವಾಗ 'ಡೀದ್ ಡಾ'. ಇಲ್ಲಿ ಸರಿಯಾಗಿ ನಡೆದುಕೊಂಡ ಈ 'ಡೀದ್', 'ಅನ್' ಮುಂದೆ ಬಂದಾಗ ಮಾತ್ರ ಪುಲ್ಲಿಂಗದ ಮರ್ಯಾದೆ ಬಿಟ್ಟು 'ಅನ್ ಜೀದ್' ಆಗುತ್ತದೆ.