ಒಬ್ಬರ ಸಹಿ ಬಾಕಿ: ಜಂಟಿ ಆಸ್ತಿ ಮಾರಾಟದ ತಕರಾರು ಇಷ್ಟು ಸಿಕ್ಕುಸಿಕ್ಕಾದದ್ದು ಹೇಗೆ?

ದಿನಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬರುವ 'ಸಾರ್ವಜನಿಕ ಪ್ರಕಟಣೆ'ಗಳನ್ನು ಓದುವ ಅಭ್ಯಾಸ ಇದ್ದವರಿಗೆ ಈ ಜೋಡಿ ಪರಿಚಿತ. ಮೊದಲನೆಯದು ಕೊಳ್ಳುವವರ ಪರ ವಕೀಲರದು: ನಮ್ಮ ಕಕ್ಷಿದಾರರು ಕೆಳಕಂಡ ಷೆಡ್ಯೂಲ್ ಸ್ವತ್ತನ್ನು ಕ್ರಯಕ್ಕೆ ಪಡೆಯಲಿದ್ದಾರೆ, ತಕರಾರಿದ್ದವರು ಇಷ್ಟು ದಿನದೊಳಗೆ ತಿಳಿಸತಕ್ಕದ್ದು. ಕೆಲವೇ ದಿನಗಳಲ್ಲಿ ಅದೇ ಸ್ವತ್ತಿನ ಬಗ್ಗೆ ಇನ್ನೊಂದು ಬರುತ್ತದೆ. ಅದನ್ನು ಹಾಕಿಸಿದವರು ಆ ಮನೆಯ ಮಗಳು, ಇಲ್ಲವೇ ತಮ್ಮ, ಇಲ್ಲವೇ ತೀರಿಕೊಂಡ ಅಣ್ಣನ ಹೆಂಡತಿ: ಸದರಿ ಸ್ವತ್ತಿನಲ್ಲಿ ನಮಗೂ ಪಾಲಿದೆ, ಯಾರೂ ವ್ಯವಹರಿಸಕೂಡದು.

ಇಂಥ ಜಗಳಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ. ನಾವು ಮೂವರು ಒಪ್ಪಿದ್ದೇವೆ, ಒಬ್ಬರು ಒಪ್ಪುತ್ತಿಲ್ಲ, ಮಾರಲು ಬರುವುದಿಲ್ಲವೇ? ಬರುವುದಿಲ್ಲ. ಜಂಟಿ ಆಸ್ತಿಯಲ್ಲಿ ಬಹುಮತ ನಡೆಯದು. ಪ್ರತಿಯೊಬ್ಬರೂ ತಮ್ಮ ಪಾಲನ್ನಷ್ಟೇ ಮಾರಬಹುದು, ಇಡಿಯಾಗಿ ಮಾರಲು ಎಲ್ಲರ ಸಹಿ ಬೇಕು. ಒಬ್ಬರ ಪಾಲನ್ನಷ್ಟೇ ಕೊಂಡ ಹೊರಗಿನವರಿಗೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಂ ಪ್ರಕಾರ, ಅವಿಭಕ್ತ ಕುಟುಂಬದ ವಾಸದ ಮನೆಯೊಳಗೆ ಬಂದು ಕೂರುವ ಹಕ್ಕಿಲ್ಲ. ಪಾಲು ದಾವೆ ಹೂಡಬಹುದು, ಅಷ್ಟೆ. ಹಾಗಾಗಿ ಅಂಥ ಪಾಲಿಗೆ ಸರಿಯಾದ ಬೆಲೆ ಹುಟ್ಟುವುದಿಲ್ಲ. ತಕರಾರಿನ ಆಸ್ತಿಯನ್ನೇ ಹುಡುಕಿಕೊಂಡು ಹೋಗಿ ಅಗ್ಗಕ್ಕೆ ಹಿಡಿಯುವವರಿಗೆ ಮಾತ್ರ ಅದರಲ್ಲಿ ವ್ಯಾಪಾರವಿದೆ.

ಹಿಂದೆ ಮನೆಯ ಯಜಮಾನನೊಬ್ಬ ಹೆಬ್ಬೆಟ್ಟು ಒತ್ತಿದರೆ ಕ್ರಯ ಮುಗಿಯುತ್ತಿತ್ತು. ಹಳೆಯ ಕ್ರಯಪತ್ರಗಳಲ್ಲಿ 'ಕುಟುಂಬದ ಅವಶ್ಯಕತೆಯ ನಿಮಿತ್ತ' ಎಂಬ ಮಾತು ತಪ್ಪದೆ ಕಾಣುವುದು ಅದಕ್ಕೇ, ಏಕೆಂದರೆ ಅವನ ಅಧಿಕಾರ ನಿಂತಿದ್ದದ್ದು ಆ ಕಾರಣದ ಮೇಲೆ. ಒಪ್ಪದವರು ಕೋರ್ಟಿಗೆ ಹೋದರೆ ಕೋರ್ಟ್ ಮಾಡಬಹುದಾಗಿದ್ದದ್ದು ಒಂದೇ ಕೆಲಸ, ಸ್ವತ್ತನ್ನು ಕತ್ತರಿಸಿ ಹಂಚುವುದು. ಕತ್ತರಿಸಿದರೆ ಯಾರಿಗೂ ಉಪಯೋಗಕ್ಕೆ ಬಾರದ ಮನೆಯನ್ನೂ ಕತ್ತರಿಸಬೇಕಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು 1893ರ ಪಾರ್ಟಿಷನ್ ಆ್ಯಕ್ಟ್. ಹಂಚಲು ಅನುಕೂಲವಿಲ್ಲದ ಸ್ವತ್ತನ್ನು, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಹೊಂದಿದವರು ಕೇಳಿದರೆ, ಮಾರಿಸಿ ಹಣ ಹಂಚಬಹುದು ಎಂದಿತು ಅದರ 2ನೇ ಕಲಂ. 3ನೇ ಕಲಂ ಇನ್ನೂ ಜಾಣತನದ್ದು. ಒಬ್ಬರು 'ಮಾರಿಸಿ' ಎಂದು ಕೇಳಿದ ಕೂಡಲೇ ಇನ್ನೊಬ್ಬರು 'ಹಾಗಾದರೆ ನಾನೇ ಕೊಳ್ಳುತ್ತೇನೆ' ಎನ್ನಬಹುದು. ಆಗ ಕೋರ್ಟ್ ಬೆಲೆ ಕಟ್ಟಿಸಿ ಅವರಿಗೇ ಕೊಡಬೇಕು. ಇನ್ನೊಬ್ಬ ಪಾಲುದಾರರು ಕೊಳ್ಳಲು ಮುಂದೆ ಬಂದದ್ದು ನೋಡಿ ದಾವೆಯನ್ನೇ ವಾಪಸು ಪಡೆಯಲು ಹೊರಟರೆ ಬಿಡುವುದಿಲ್ಲ ಎಂದು 1972ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೂರಮೂವತ್ತು ವರ್ಷ ಹಳೆಯ ಈ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಆದರೂ ಪಾಲಿನ ಜಗಳದಲ್ಲಿರುವ ಎಷ್ಟೋ ಕುಟುಂಬಗಳಿಗೆ ಅದರ ಹೆಸರೇ ಗೊತ್ತಿರುವುದಿಲ್ಲ.

ಅಲ್ಲಿಂದ ಮುಂದಿನ ನೂರು ವರ್ಷದಲ್ಲಿ ಬದಲಾದದ್ದು ಪಾಲುದಾರರು ಯಾರು ಎಂಬುದು. ಮೈಸೂರು ಸಂಸ್ಥಾನ 1933ರಲ್ಲೇ ಹೆಂಗಸರ ಆಸ್ತಿ ಹಕ್ಕಿಗೆ ಕಾಯ್ದೆ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಪಾಲಿನಲ್ಲಿ ಮಗಳಿಗೂ ಭಾಗ ಕೊಟ್ಟಿತು, ಜೊತೆಗೇ 23ನೇ ಕಲಂ ಎಂಬ ಅಗುಳಿಯನ್ನೂ ಹಾಕಿತು: ವಾಸದ ಮನೆಯನ್ನು ಗಂಡುಮಕ್ಕಳು ಭಾಗ ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ. ಒಬ್ಬನೇ ಮಗನಿದ್ದರೆ ಅವನು ಯಾರೊಡನೆ ಭಾಗ ಮಾಡಿಕೊಳ್ಳಬೇಕು? ಅಂಥ ಮನೆಗೂ ಈ ಕಲಂ ಅನ್ವಯಿಸುತ್ತದೆ ಎಂದು 1996ರಲ್ಲಿ ತೀರ್ಪಾಯಿತು.

ಕರ್ನಾಟಕದ ಕಥೆ ಬಿಗಿಯಾಗುವುದು 1994ರಿಂದ. ಆ ವರ್ಷದ ಜುಲೈ 30ರಿಂದ ಜಾರಿಗೆ ಬಂದ ರಾಜ್ಯ ತಿದ್ದುಪಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ 1990ರಲ್ಲಿ ಮದುವೆಯಾದ ಅಕ್ಕನಿಗೆ ಆ ಹಕ್ಕಿಲ್ಲ, 1997ರಲ್ಲಿ ಮದುವೆಯಾದ ತಂಗಿಗೆ ಉಂಟು. ಭೂಮಿಯ ಬೆಲೆ ಏರತೊಡಗಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೆಂಗಳೂರಿನ ಸುತ್ತ ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಲೇಔಟ್ ಮಾಡುವವರು ಬಂದು ನಿಂತರು. ಅಡ್ವಾನ್ಸ್ ಕೊಡುವ ಮೊದಲು ಅವರ ವಕೀಲರು ಕೇಳುತ್ತಿದ್ದದ್ದು ವಂಶವೃಕ್ಷ. ಅದರಲ್ಲಿ ಹೆಣ್ಣುಮಕ್ಕಳ ಹೆಸರಿದ್ದ ಮೇಲೆ ಅವರ ಸಹಿಯೂ ಬೇಕಾಯಿತು. ಹಬ್ಬಕ್ಕೆ ತವರಿಗೆ ಬಂದವಳನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, 'ಒಂದು ಸಹಿ ಹಾಕಿಬಿಡಮ್ಮ' ಎಂದು ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ ಕೊಟ್ಟು ಕಳಿಸಿದ ಮನೆಗಳೆಷ್ಟೋ. ಕೆಲವರು ತಿಳಿದೇ ಬಿಟ್ಟುಕೊಟ್ಟರು, ತವರಿನ ಬಾಗಿಲು ತೆರೆದಿರಲಿ ಎಂದು. ಕೆಲವರಿಗೆ ಪತ್ರದಲ್ಲಿ ಏನಿದೆ ಎಂದೇ ಗೊತ್ತಿರಲಿಲ್ಲ. ಇಂದಿನ ಎಷ್ಟೋ ದಾವೆಗಳ ಬೇರು ಈ ಬಿಡುಗಡೆ ಪತ್ರಗಳಲ್ಲೇ ಇದೆ.

2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಮದುವೆಯ ತಾರೀಖಿನ ಭೇದ ಹೋಯಿತು, 23ನೇ ಕಲಂ ಕೂಡ ಹೋಯಿತು. ಗೊಂದಲ ಹೋಗಲಿಲ್ಲ. ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ್ದ ದಾವೆಯೊಂದು ಸುಪ್ರೀಂ ಕೋರ್ಟ್ ಮುಟ್ಟಿ, 2015ರಲ್ಲಿ '2005ರ ಆ ದಿನ ಅಪ್ಪ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು' ಎಂದಾಯಿತು. 2018ರಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ, 2001ರಲ್ಲೇ ತೀರಿಕೊಂಡವರ ಹೆಣ್ಣುಮಕ್ಕಳಿಗೂ ಸಮಪಾಲು ಸಿಕ್ಕಿತು. ಯಾವುದನ್ನು ಹಿಡಿಯಬೇಕು ಎಂದು ಕೆಳಗಿನ ಕೋರ್ಟುಗಳು ತಡವರಿಸಿದವು. ಸುಪ್ರೀಂ ಕೋರ್ಟಿನ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಕೊನೆಗೂ ಇತ್ಯರ್ಥ ಮಾಡಿತು: ಹಕ್ಕು ಹುಟ್ಟಿನಿಂದ ಬರುವುದು, ಅಪ್ಪ ಇದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ವಿಭಾಗ, ಮಾರಾಟಗಳಿಗೆ ಮಾತ್ರ ಧಕ್ಕೆಯಿಲ್ಲ.

ಪಾಲು ಯಾರಿಗೆಷ್ಟು ಎಂಬುದು ಹೀಗೆ ತೀರ್ಮಾನವಾಯಿತು. ಪಾಲು ಕೈಗೆ ಬರುವುದು ಬೇರೆಯೇ ಮಾತು. ಜಂಟಿ ಸ್ವಾಧೀನದಲ್ಲಿದ್ದೇನೆ ಎನ್ನುವವರು ಪಾಲು ದಾವೆ ಹೂಡಲು, 1958ರ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆ ಇಟ್ಟ ಗರಿಷ್ಠ ಶುಲ್ಕ 200 ರೂಪಾಯಿ. ಒಳಹೋಗುವುದು ಸುಲಭ. ಮೊದಲು ಪ್ರಾಥಮಿಕ ಡಿಕ್ರಿ: ನಿನಗೆ ಮೂರನೇ ಒಂದು ಪಾಲು ಎಂಬ ಘೋಷಣೆ. ಕುಟುಂಬದವರು ಸಿಹಿ ಹಂಚುವುದು ಆಗ. ಬಳಿಕ ಪಾಲನ್ನು ಬೇರ್ಪಡಿಸಿ ಕೈಗೆ ಕೊಡುವ ಅಂತಿಮ ಡಿಕ್ರಿಗೆ ಬೇರೆ ಅರ್ಜಿ, ವಕೀಲರ ಬಾಯಲ್ಲಿ 'ಎಫ್‌ಡಿಪಿ' (ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್). ಕೃಷಿ ಜಮೀನಾದರೆ ಡಿಕ್ರಿ ಜಿಲ್ಲಾಧಿಕಾರಿಗೆ ಹೋಗಿ, ತಹಸೀಲ್ದಾರರ ಮೂಲಕ ಸರ್ವೆಯವರ ಕೈಗೆ ಬರಬೇಕು. ಮನೆಯಾದರೆ ಕೋರ್ಟ್ ಕಮಿಷನರ್ ಟೇಪು ಹಿಡಿದು ಬರುತ್ತಾರೆ. ಮೂವತ್ತು-ನಲವತ್ತರ ಸೈಟನ್ನು ಮೂವರಿಗೆ ಹಂಚಿದರೆ ತಲಾ ಹತ್ತಡಿ ಅಗಲ. ಮೆಟ್ಟಿಲು ಒಬ್ಬರ ಪಾಲಿಗೆ, ಸಂಪು ಇನ್ನೊಬ್ಬರಿಗೆ, ಅಡುಗೆಮನೆಯ ನಡುವೆ ಗಡಿ. 'ವಿಭಾಗಿಸಲು ಯೋಗ್ಯವಲ್ಲ' ಎಂದು ವರದಿ ಬರೆದ ಮೇಲೆ 1893ರ ಕಾಯ್ದೆಯ ನೆನಪಾಗುತ್ತದೆ. ಅಷ್ಟರಲ್ಲಿ ಒಬ್ಬ ಪಾಲುದಾರರು ತೀರಿಕೊಂಡು, ಅವರ ಜಾಗಕ್ಕೆ ನಾಲ್ಕು ವಾರಸುದಾರರು ಬಂದಿರುತ್ತಾರೆ. ಅದರಲ್ಲೊಬ್ಬರು ವಿದೇಶದಲ್ಲಿದ್ದರೆ, ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಟ್ಟು ಅಲ್ಲಿ ಬರೆದುಕೊಟ್ಟ ಜಿಪಿಎ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಪ್ರಾಥಮಿಕ ಡಿಕ್ರಿಯಾದ ಮೇಲೆ ಹೊಸ ಅರ್ಜಿಗೆ ಕಾಯದೆ ಕೋರ್ಟುಗಳೇ ಮುಂದುವರಿಯಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸೂಚಿಸಿದೆ.

ಹೈಕೋರ್ಟ್ 2007ರಲ್ಲಿ ಆರಂಭಿಸಿದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೂ ಲೋಕ ಅದಾಲತ್‌ಗಳಿಗೂ ಇಂಥ ದಾವೆಗಳು ಹೋಗುತ್ತವೆ. ಅಲ್ಲಿ ಎಲ್ಲರೂ ಮೇಜಿನ ಸುತ್ತ ಕೂತ ಮೇಲೆ, ಮಾರಬೇಕೇ ಬೇಡವೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಬೇಗ ಕರಗುತ್ತದೆ. ಉಳಿಯುವುದು ಬೆಲೆ. ಸರ್ಕಾರ ನಿಗದಿ ಮಾಡಿದ ಮಾರ್ಗದರ್ಶಿ ದರವೋ ಮಾರುಕಟ್ಟೆ ದರವೋ? ಅಪ್ಪ ಅಮ್ಮನನ್ನು ಕೊನೆಯ ತನಕ ನೋಡಿಕೊಂಡವರಿಗೆ ಏನಾದರೂ ಹೆಚ್ಚು ಬೇಡವೇ? ಮನೆಯಲ್ಲಿ ಇಷ್ಟು ವರ್ಷ ಇದ್ದವರು, ಮೇಲಿನ ಮನೆಯ ಬಾಡಿಗೆ ಎತ್ತಿದವರು, ಅದರ ಲೆಕ್ಕ ಕೊಡಬೇಕಲ್ಲವೇ? ತಡವಾದಷ್ಟೂ ಒಳಗಿದ್ದವರಿಗೆ ಲಾಭ, ಹೊರಗಿದ್ದವರಿಗೆ ನಷ್ಟ. ಈ ಲೆಕ್ಕ ಕೇಳುವ ಹಕ್ಕು ಸಿವಿಲ್ ಪ್ರಕ್ರಿಯೆಯಲ್ಲಿ ಹಿಂದಿನಿಂದಲೂ ಇದೆ. ಸಾಮಾನ್ಯವಾಗಿ ಅದನ್ನು ಅಂತಿಮ ಡಿಕ್ರಿಯ ಹಂತಕ್ಕೆ ಮುಂದೂಡಲಾಗುತ್ತದೆ. ದಾವೆ ಹೂಡಿದ ದಿನದಿಂದಲೇ ಒಳಗಿದ್ದವರು ಬಾಡಿಗೆಯ ಪಾಲನ್ನು ಕೋರ್ಟಿಗೆ ಕಟ್ಟುವಂತಾದರೆ, ಹೆಚ್ಚಿನ ಮನೆಗಳ ಮಾತುಕತೆ ಮೊದಲ ವರ್ಷವೇ ಬೆಲೆಯ ಹಂತಕ್ಕೆ ಬಂದೀತು.