ಸ್ಕ್ರೂಗೆ ಅರ್ಧ ದಿನ ಬರೋ ಬ್ಯಾಟರಿ ಗ್ರೈಂಡರ್‌ಗೆ ಹಾಕಿದ್ರೆ ಕಾಲು ಗಂಟೇಲಿ ಖಾಲಿ, ಯಾಕೆ?

ಪ್ರಶ್ನೆ: ಸರ್, ನಾವು ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಶೆಡ್ಡು, ಪಾಲಿಹೌಸ್ ಕೆಲಸ ಮಾಡ್ತೀವಿ. 18 ವೋಲ್ಟಿನ ಕಾರ್ಡ್‌ಲೆಸ್ ಸೆಟ್ ತಗೊಂಡಿದ್ದೀವಿ, ಬ್ಯಾಟರಿ 5 ಎಎಚ್. ಶೀಟಿಗೆ ಸ್ಕ್ರೂ ಹೊಡೆಯೋಕೆ ಮಧ್ಯಾಹ್ನದವರೆಗೂ ಬರುತ್ತೆ. ಅದೇ ಬ್ಯಾಟರಿ ಗ್ರೈಂಡರ್‌ಗೆ ಹಾಕಿದ್ರೆ ಹತ್ತು ಹದಿನೈದು ನಿಮಿಷಕ್ಕೆ ಮುಗಿಯುತ್ತೆ. ಡೂಪ್ಲಿಕೇಟ್ ಕೊಟ್ಟಿದ್ದಾರಾ? ಇನ್ನೂ ದೊಡ್ಡ ಬ್ಯಾಟರಿ ತಗೋಬೇಕಾ?

ಡೂಪ್ಲಿಕೇಟ್ ಇರಲಿಕ್ಕಿಲ್ಲ. ಸ್ಕ್ರೂ ಹೊಡೆಯಲು ಅರ್ಧ ದಿನ ಬರುತ್ತಿದೆ ಎಂದರೆ ಬ್ಯಾಟರಿ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಲೆಕ್ಕದಲ್ಲಿ. ಆ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ವೋಲ್ಟನ್ನು ಎಎಚ್‌ನಿಂದ, ಅಂದರೆ ಆಂಪಿಯರ್-ಅವರ್‌ನಿಂದ ಗುಣಿಸಿ. 18 ಗುಣಿಸು 5, ಅಂದರೆ 90 ವ್ಯಾಟ್-ಅವರ್, 90 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು. ನಿಮ್ಮ ಕೈಯಲ್ಲಿರುವ ಸರಕು ಅಷ್ಟೇ. ಈಗ ಖರ್ಚು ನೋಡಿ. ಒಂದು ಸೆಲ್ಫ್ ಸ್ಕ್ರೂ ಹೊಡೆಯಲು ಇಂಪ್ಯಾಕ್ಟ್ ಡ್ರೈವರ್ 300 ವ್ಯಾಟ್‌ನಂತೆ 3 ಸೆಕೆಂಡ್ ಎಳೆಯುತ್ತದೆ ಎಂದು ಇಟ್ಟುಕೊಂಡರೆ ಖರ್ಚು ಕಾಲು ವ್ಯಾಟ್-ಅವರ್. ಹಾಗಾದರೆ ಒಂದು ಚಾರ್ಜಿಗೆ 360 ಸ್ಕ್ರೂ. ಏಣಿ ಹತ್ತಿ, ಶೀಟು ಕೂರಿಸಿ, ದಾರ ಹಿಡಿದು ಅಷ್ಟು ಸ್ಕ್ರೂ ಹೊಡೆಯುವಷ್ಟರಲ್ಲಿ ಊಟದ ಹೊತ್ತಾಗುತ್ತದೆ ಅಲ್ವಾ? ಗ್ರೈಂಡರ್ ಕಥೆ ಬೇರೆ. ನಾವು ವೈರ್ ಹಾಕಿ ಓಡಿಸುವ 4 ಇಂಚಿನ ಗ್ರೈಂಡರ್‌ಗಳ ಮೇಲೆ 600ರಿಂದ 850 ವ್ಯಾಟ್ ಅಂತ ಬರೆದಿರುತ್ತದೆ. ಬ್ಯಾಟರಿ ಗ್ರೈಂಡರ್ ಕೈಯಿಂದಲೂ ಅದೇ ಕೆಲಸ ಮಾಡಿಸಿದರೆ ಅದಕ್ಕೂ ಅಷ್ಟೇ ಶಕ್ತಿ ಬೇಕು. ಬ್ಯಾಟರಿ ಅಂತ ಕಬ್ಬಿಣ ಏನೂ ರಿಯಾಯಿತಿ ಕೊಡುವುದಿಲ್ಲ. 90ನ್ನು 600ರಿಂದ ಭಾಗಿಸಿದರೆ ಪೂರ್ತಿ ಲೋಡ್‌ನಲ್ಲಿ ಬರುವುದು 0.15 ಗಂಟೆ, ಅಂದರೆ 9 ನಿಮಿಷ. ನಿಮಗೆ ಹದಿನೈದು ನಿಮಿಷ ಬರುತ್ತಿದ್ದರೆ ನಿಮ್ಮ ಹುಡುಗರು ಗ್ರೈಂಡರನ್ನು ಒತ್ತದೆ ಹಗುರವಾಗಿ ಹಿಡಿಯುತ್ತಿದ್ದಾರೆ ಅಂತ ಅರ್ಥ.

ಹಾಗಾದರೆ ದೊಡ್ಡ ಬ್ಯಾಟರಿ? ಇದಕ್ಕೆ ಉತ್ತರ ಹೇಳಬೇಕಾದರೆ ಡಬ್ಬದ ಒಳಗೆ ಏನಿದೆ ಅಂತ ನೋಡಬೇಕು. ಒಳಗಿರುವುದು ಟಾರ್ಚ್ ಸೆಲ್ ಆಕಾರದ ಲಿಥಿಯಂ ಸೆಲ್‌ಗಳು. ಹೆಚ್ಚಾಗಿ 18650 ಎನ್ನುವ ಜಾತಿ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದೊಂದೂ 3.6 ವೋಲ್ಟ್, ಐದನ್ನು ಸಾಲಾಗಿ ಜೋಡಿಸಿದರೆ 18. ಪೂರ್ತಿ ಚಾರ್ಜ್ ಆದಾಗ ಒಂದು ಸೆಲ್ 4.2 ವೋಲ್ಟ್‌ಗೆ ಏರುತ್ತದೆ, ಐದಕ್ಕೆ 21. ಹಾಗಾಗಿ ಒಬ್ಬರು 18 ಅಂತ, ಇನ್ನೊಬ್ಬರು 20 ಅಂತ, ಮತ್ತೊಬ್ಬರು 21 ಅಂತ ಬರೆದು ಮಾರುವುದೆಲ್ಲ ಒಂದೇ ಮಾಲು. 21 ಅಂದಾಕ್ಷಣ ಮೂರು ವೋಲ್ಟ್ ಲಾಭ ಅಂತ ಸುಮ್ನೆ ಖುಷಿ ಪಡಬೇಡಿ.

2 ಎಎಚ್ ಪ್ಯಾಕ್‌ನಲ್ಲಿ ಇಂಥ ಸೆಲ್ ಐದೇ ಇರುತ್ತವೆ. 4, 5 ಎಎಚ್‌ನಲ್ಲಿ ಸಾಮಾನ್ಯವಾಗಿ ಹತ್ತು, ಐದೈದರ ಎರಡು ಸಾಲು. ಗ್ರೈಂಡರ್ 600 ವ್ಯಾಟ್ ಕೇಳಿದಾಗ ಬ್ಯಾಟರಿಯಿಂದ ಹೊರಡುವ ಕರೆಂಟ್ ಸುಮಾರು 33 ಆಂಪಿಯರ್. ಒಂದೇ ಸಾಲಿದ್ದರೆ ಅಷ್ಟೂ ಅದರ ತಲೆ ಮೇಲೆ. ಎರಡು ಸಾಲಿದ್ದರೆ, ಒಂದು ಮೂಟೆ ಸಿಮೆಂಟನ್ನು ಇಬ್ಬರು ಹಿಡಿದಂತೆ, ಪಾಲು ಅರ್ಧರ್ಧ. ಆದರೆ ಸೆಲ್ ಬಿಸಿಯಾಗುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಕರೆಂಟನ್ನು ಕರೆಂಟಿನಿಂದಲೇ ಗುಣಿಸಿದಂತೆ. ಕರೆಂಟ್ ಅರ್ಧ ಆದರೆ ಒಂದೊಂದು ಸೆಲ್ಲಿನ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ 2 ಎಎಚ್ ಬ್ಯಾಟರಿಯನ್ನು ಗ್ರೈಂಡರ್‌ಗೆ ಹಾಕಲೇಬಾರದು. ಅದು ಬೇಗ ಮುಗಿಯುವುದು ಬಿಡಿ, ಬೇಗ ಸಾಯುತ್ತದೆ. ಸ್ಕ್ರೂ ಕೆಲಸಕ್ಕೆ ಮಾತ್ರ ಅದೇ ವಾಸಿ, ತಲೆ ಮೇಲೆ ಕೈ ಎತ್ತಿ ಹಿಡಿಯುವಾಗ ಭಾರ ಕಡಿಮೆ.

ನಿಮ್ಮ 5 ಎಎಚ್ ಸಾಕು. 8 ಎಎಚ್ ತಗೊಂಡರೆ 9 ನಿಮಿಷ 14 ನಿಮಿಷ ಆಗುತ್ತದೆ ಅಷ್ಟೆ. ಅದೇ ದುಡ್ಡಲ್ಲಿ ಇನ್ನೊಂದು 5 ತಗೊಳ್ಳಿ.

ಅಂಗಡಿಗೆ ಹೋದಾಗ ಒಂದು ಎಚ್ಚರಿಕೆ. ಮೇಲೆ 48 ವಿಎಫ್, 88 ವಿಎಫ್ ಅಂತ ದೊಡ್ಡಕ್ಷರದಲ್ಲಿ ಹಾಕಿದ ಅಗ್ಗದ ಬ್ಯಾಟರಿ ಸಿಗುತ್ತವೆ. 18 ವೋಲ್ಟಿನ ಮೆಷಿನ್‌ಗೆ ಕೂರುವ ಬ್ಯಾಟರಿ 88 ವೋಲ್ಟ್ ಹೇಗಾಗುತ್ತದೆ ಹೇಳಿ? ಮೋಟರು ಸುಟ್ಟು ಹೋಗಬೇಕಿತ್ತು. ಅದು ವೋಲ್ಟೇ ಅಲ್ಲ, ಬರೀ ಸ್ಟಿಕ್ಕರ್. ಕಂಡುಹಿಡಿಯಲು ದಿನಸಿ ಅಂಗಡಿಯ ತಕ್ಕಡಿ ಸಾಕು. ಹತ್ತು ಸೆಲ್ಲಿನ ಅಸಲಿ 5 ಎಎಚ್ ಪ್ಯಾಕ್ ಸುಮಾರು 600 ಗ್ರಾಂ ತೂಗುತ್ತದೆ. 5 ಅಂತ ಬರೆದೂ 400 ಗ್ರಾಂ ಒಳಗಿದ್ದರೆ ವಾಪಸ್ ಇಟ್ಟು ಬನ್ನಿ.

ಇನ್ನು ಬಿಸಿಲು. ಪಾವಗಡದ ಸೋಲಾರ್ ಪಾರ್ಕ್ ಕಡೆ, ಶಿರಾ ಕಡೆ ಬೇಸಿಗೆಯಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಬ್ಯಾಟರಿ ಚಾರ್ಜರ್‌ಗೆ ಹಾಕಿದರೆ ದೀಪ ಮಿಣುಕುತ್ತದೆ, ಚಾರ್ಜ್ ಏರುವುದೇ ಇಲ್ಲ. ಚಾರ್ಜರ್ ಕೆಟ್ಟಿರುವುದಿಲ್ಲ. ಲಿಥಿಯಂ ಸೆಲ್ 45 ಡಿಗ್ರಿ ಮೇಲಿದ್ದಾಗ ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಅದಕ್ಕೆ ಒಳ್ಳೆಯ ಚಾರ್ಜರ್ ತಾನೇ ತಡೆದು ನಿಲ್ಲಿಸುತ್ತದೆ. ಗ್ರೈಂಡರ್‌ನಿಂದ ಆಗ ತಾನೇ ತೆಗೆದ ಬ್ಯಾಟರಿ ಮೊದಲೇ ಕಾದಿರುತ್ತದೆ, ಅದನ್ನು ಬಿಸಿಲಿಗೆ ಕಾದ ಶೀಟಿನ ಮೇಲೆ ಇಟ್ಟರೆ ಆರುವುದಾದರೂ ಹೇಗೆ. ನೆರಳಲ್ಲಿ, ಗಾಳಿಯಾಡುವ ಕಡೆ ಸ್ವಲ್ಪ ಹೊತ್ತು ಬಿಡಿ. ಬೇಗ ಆರಲಿ ಅಂತ ನೀರು ಚಿಮುಕಿಸುವವರೂ ಇದ್ದಾರೆ, ದಯವಿಟ್ಟು ಬೇಡ.

ಬ್ಯಾಟರಿ ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು ಅನ್ನುವ ಹಳೇ ಮೇಸ್ತ್ರಿಗಳ ಮಾತು ಸುಳ್ಳಲ್ಲ, ಆದರೆ ಅದು ನಿಕಲ್-ಕ್ಯಾಡ್ಮಿಯಂ ಕಾಲದ ಮಾತು. 2005ರ ಸುಮಾರಿಗೆ ದೊಡ್ಡ ಕಂಪನಿಗಳು ಲಿಥಿಯಂಗೆ ಬಂದವು, ಲಿಥಿಯಂಗೆ ಆ ಕಟ್ಟುಪಾಡಿಲ್ಲ. ಮೆಷಿನ್ ತಾನಾಗಿ ನಿಂತ ಮೇಲೆ ಮತ್ತೆ ಮತ್ತೆ ಟ್ರಿಗರ್ ಒತ್ತಿ ಕೊನೇ ಹನಿ ಹಿಂಡುವುದೇ ಅದಕ್ಕೆ ವಿಷ. ಹಾಗೆ ಹಿಂಡಿ, ಹಬ್ಬಕ್ಕೆ ಊರಿಗೆ ಹೋಗಿ, ತಿಂಗಳು ಬಿಟ್ಟು ಬಂದರೆ ಸೆಲ್ ತೀರಾ ಕೆಳಗಿಳಿದಿರುತ್ತದೆ, ಚಾರ್ಜರ್ ಅದನ್ನು ಒಪ್ಪುವುದೇ ಇಲ್ಲ. ಕೆಲಸ ಇಲ್ಲದ ದಿನಗಳಲ್ಲಿ ಅರ್ಧ ಚಾರ್ಜ್ ಉಳಿಸಿ ತಂಪಾದ ಕಡೆ ಇಡಿ.

ಕತ್ತರಿಸುವಾಗ ಉಳಿತಾಯದ ದಾರಿಯೂ ಇದೆ. ಜಿಐ ಪೈಪಿಗೆ 1 ಮಿಲಿಮೀಟರ್ ತೆಳು ವೀಲ್ ಹಾಕಿ. ದಪ್ಪ ವೀಲ್ ಅಗಲವಾಗಿ ಕಬ್ಬಿಣ ತಿನ್ನುತ್ತದೆ, ತಿಂದ ಕಬ್ಬಿಣಕ್ಕೆಲ್ಲ ಬ್ಯಾಟರಿಯೇ ದುಡ್ಡು ಕೊಡಬೇಕು. ಆದರೆ ತೆಳು ವೀಲ್‌ನಲ್ಲಿ ಉಜ್ಜಬೇಡಿ, ಒಡೆದು ಹಾರುತ್ತದೆ. ಕಾರ್ಬನ್ ಇಲ್ಲದ ಬ್ರಷ್‌ಲೆಸ್ ಮೆಷಿನ್ ಆದರೆ ಅದೇ ಬ್ಯಾಟರಿ ಇನ್ನಷ್ಟು ಹೊತ್ತು ಬರುತ್ತದೆ. ಮುಂದಿನ ಸಲ ತಗೊಳ್ಳುವಾಗ ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ನನ್ನನ್ನು ಕೇಳಿದರೆ ದಿನವಿಡೀ ಕತ್ತರಿಸುವ ಕೆಲಸ ಬ್ಯಾಟರಿಗೆ ಕೊಡಬೇಡಿ. ಹದಿನೈದು ನಿಮಿಷಕ್ಕೆ ಮುಗಿಯುವ ಬ್ಯಾಟರಿ ಫಾಸ್ಟ್ ಚಾರ್ಜರ್‌ನಲ್ಲೂ ತುಂಬಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಗ್ರೈಂಡರ್ ನಿಲ್ಲದೆ ಓಡಬೇಕಾದರೆ ಮೂರ್ನಾಲ್ಕು ಚಾರ್ಜರ್ ಇಟ್ಟು ನಾಲ್ಕೈದು ಬ್ಯಾಟರಿ ಸುತ್ತು ಹಾಕಬೇಕಾಗುತ್ತದೆ. ಅಲ್ಲದೆ ಚಾರ್ಜರ್ ಹಾಕಲು ಸೈಟಿನಲ್ಲಿ ಕರೆಂಟ್ ಇದೆ ಎಂದರೆ ಗ್ರೈಂಡರ್‌ಗೂ ಇದೆ ತಾನೆ? ಪೈಪುಗಳನ್ನು ಅಳತೆ ಹಾಕಿ ಕೆಳಗೇ ವೈರ್ ಗ್ರೈಂಡರ್‌ನಲ್ಲಿ ಕತ್ತರಿಸಿಕೊಳ್ಳಿ. ಮೇಲೆ ಹತ್ತಿದಾಗ ಒಂದು ತುದಿ ಜಾಸ್ತಿ ಬಂತು, ಬೋಲ್ಟ್ ತಲೆ ಹಾರಿಸಬೇಕು, ಅಂಥದ್ದಕ್ಕೆ ಬ್ಯಾಟರಿ ಗ್ರೈಂಡರ್. ಕೋಲಾರ, ಚಿಕ್ಕಬಳ್ಳಾಪುರದ ಕಲ್ಲಿಗೂ ಇದೇ ಮಾತು. 6, 8 ಎಂಎಂ ತೂತಿಗೆ ಬ್ಯಾಟರಿ ಹ್ಯಾಮರ್ ಪರವಾಗಿಲ್ಲ, ಸಾಲಾಗಿ ಆಂಕರ್ ತೂತು ಹೊಡೆಯಬೇಕಾದರೆ ವೈರ್ ಎಳೆಯಿರಿ.

ತೋಟದಲ್ಲಿ ಲೈನೇ ಇಲ್ಲ, ಇಲ್ಲವೇ ಹಗಲು ಕರೆಂಟ್ ಇರುವುದಿಲ್ಲ ಅನ್ನುವ ಕಡೆ ಮಾತ್ರ ಬ್ಯಾಟರಿ ನಿಜವಾಗಿ ಗೆಲ್ಲುತ್ತದೆ. 6 ಆಂಪಿಯರ್ ಫಾಸ್ಟ್ ಚಾರ್ಜರ್ ಬ್ಯಾಟರಿಗೆ ಕೊಡುವುದೇ 120 ವ್ಯಾಟ್ ಆಸುಪಾಸು. ಅದು ಎಳೆಯುವುದು ಅದಕ್ಕಿಂತ ಸ್ವಲ್ಪ ಹೆಚ್ಚು. 800 ವ್ಯಾಟಿನ ಗ್ರೈಂಡರನ್ನು ತಡೆಯದ ಮನೆಯ ಯುಪಿಎಸ್ ಇದನ್ನು ಆರಾಮಾಗಿ ನಡೆಸುತ್ತದೆ. ಸೈನ್ ವೇವ್ ಯುಪಿಎಸ್ ಆದರೆ ಒಳ್ಳೆಯದು. ಹಾಕುವ ಮೊದಲು ಚಾರ್ಜರ್ ಹಿಂದಿನ ಸ್ಟಿಕ್ಕರ್‌ನಲ್ಲಿ ವ್ಯಾಟ್ ಎಷ್ಟು ಅಂತ ಒಮ್ಮೆ ನೋಡಿಕೊಳ್ಳಿ.