ಸಿಸ್‌ಯುಟಿಲ್ಸ್: ಅಂಕಿ, ದಿನಾಂಕ ಮತ್ತು ಯಂತ್ರದ ಮರ್ಜಿ

ಪ್ಯಾಸ್ಕಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಸಾಧನಗಳಾದ ಡೆಲ್ಫಿ ಅಥವಾ ಲಾಜರಸ್‌ನಲ್ಲಿ ಬರೆದ ಲೆಕ್ಕಪತ್ರದ ಪ್ರೋಗ್ರಾಂಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಯಾವ ಪ್ರೋಗ್ರಾಂ ತೆರೆದರೂ, ಬಳಸುವ ಯೂನಿಟ್‌ಗಳನ್ನು (ಸಿದ್ಧ ಕೋಡಿನ ಕಟ್ಟುಗಳನ್ನು) ಹೆಸರಿಸುವ ಯೂಸಸ್ ಸಾಲಿನಲ್ಲಿ ಸಿಸ್‌ಯುಟಿಲ್ಸ್ ಇದ್ದೇ ಇರುತ್ತದೆ. 1995ರಲ್ಲಿ ಬೋರ್ಲ್ಯಾಂಡ್ ಕಂಪನಿಯ ಡೆಲ್ಫಿಯೊಂದಿಗೆ ಬಂದ ಈ ಯೂನಿಟ್ ಲಾಜರಸ್ ಬಳಸುವ ಕಂಪೈಲರ್ ಆದ ಫ್ರೀ ಪ್ಯಾಸ್ಕಲ್‌ನಲ್ಲಿಯೂ ಅದೇ ಹೆಸರಿನಲ್ಲಿದೆ. ಬಳಕೆದಾರರು ಒತ್ತಿದ ಅಕ್ಷರಗಳು ಸಂಖ್ಯೆಯಾಗುವುದು, ಆ ಸಂಖ್ಯೆ ರಸೀದಿಯ ಮೇಲೆ ಮತ್ತೆ ಅಕ್ಷರವಾಗುವುದು ಎರಡೂ ಇದರ ಮೂಲಕವೇ. ಈ ಬದಲಾವಣೆಯ ನಿಯಮಗಳನ್ನು ಪ್ರೋಗ್ರಾಂ ಬರೆಯುವವರೇ ಗೊತ್ತುಮಾಡಬೇಕು, ಯಂತ್ರದ ಮರ್ಜಿಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಯೂನಿಟ್ ಸೇರಿಸಿದೊಡನೆ ಪ್ರೋಗ್ರಾಂ ಸೋಲುವ ಬಗೆಯೇ ಬದಲಾಗುತ್ತದೆ. ಫ್ರೀ ಪ್ಯಾಸ್ಕಲ್‌ನಲ್ಲಿ ಇದಿಲ್ಲದೆ ಪೂರ್ಣಾಂಕವೊಂದನ್ನು ಸೊನ್ನೆಯಿಂದ ಭಾಗಿಸಿದರೆ ‘ರನ್‌ಟೈಮ್ ಎರರ್ 200’ ಎಂದು ಹೇಳಿ ಪ್ರೋಗ್ರಾಂ ಅಲ್ಲಿಯೇ ನಿಲ್ಲುತ್ತದೆ. ಇದಿದ್ದರೆ ಅದೇ ತಪ್ಪು ಎಕ್ಸೆಪ್ಶನ್ ಆಗಿ, ಅಂದರೆ ಪ್ರೋಗ್ರಾಂ ಹಿಡಿದು ನಿಭಾಯಿಸಬಲ್ಲ ತಪ್ಪಿನ ಸೂಚನೆಯಾಗಿ ಬರುತ್ತದೆ. ಟ್ರೈ–ಎಕ್ಸೆಪ್ಟ್ ಬರೆದು ಹಿಡಿಯಬಹುದು, ಬಳಕೆದಾರರಿಗೆ ಅರ್ಥವಾಗುವ ಮಾತು ಹೇಳಬಹುದು.

ಅಕ್ಷರಗಳನ್ನು ಪೂರ್ಣಾಂಕವಾಗಿಸುವ ಸ್ಟ್ರ್‌ಟುಇಂಟ್ ಫಂಕ್ಷನ್ನನ್ನೇ ಹತ್ತಿರದಿಂದ ನೋಡೋಣ. ‘2500’ ಕೊಟ್ಟರೆ ಸಂಖ್ಯೆ ಸಿಗುತ್ತದೆ. ಅಲ್ಪವಿರಾಮ ಸೇರಿಸಿ ‘2,500’ ಕೊಟ್ಟರೆ ಎಕ್ಸೆಪ್ಶನ್. ಅಂಕಿಗಳ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದ್ದರೂ ಎಕ್ಸೆಪ್ಶನ್; ಬೇರೆಡೆಯಿಂದ ನಕಲು ಮಾಡಿ ಅಂಟಿಸುವ ಕಚೇರಿಗಳಲ್ಲಿ ಇದು ದಿನನಿತ್ಯದ ದೂರು. ಅಂಚಿನ ಖಾಲಿ ಜಾಗ ತೆಗೆಯುವ ಟ್ರಿಮ್ ಅನ್ನು ಮೊದಲು ಹಾಕಿದರೆ ಈ ತೊಂದರೆ ಮುಗಿಯಿತು. ನನಗೆ ಹೆಚ್ಚು ಭಯ ಹುಟ್ಟಿಸುವುದು ತಕರಾರಿಲ್ಲದೆ ಒಳಗೆ ಬರುವ ತಪ್ಪು. ಆರಂಭದಲ್ಲಿ ಡಾಲರ್ ಚಿಹ್ನೆ ಇದ್ದರೆ ಪ್ಯಾಸ್ಕಲ್ ಅದನ್ನು ಹದಿನಾರರ ಮೂಲದ ಸಂಖ್ಯೆ ಎಂದು ಓದುತ್ತದೆ. ಹೀಗಾಗಿ ‘$100’ ಎಂದು ಬರೆದರೆ ಪುಸ್ತಕಕ್ಕೆ 256 ಏರುತ್ತದೆ. ಆದ್ದರಿಂದ ಹಣದ ಅಂಕಣಗಳಲ್ಲಿ ಬರೀ ಅಂಕಿಗಳಿವೆಯೇ ಎಂದು ನಾನೇ ಪರೀಕ್ಷಿಸಿ, ಆಮೇಲೆ ಟ್ರೈಸ್ಟ್ರ್‌ಟುಇಂಟ್ ಬಳಸುತ್ತೇನೆ. ಅದು ಎಕ್ಸೆಪ್ಶನ್ ಎಸೆಯದೆ ಆಯಿತು ಅಥವಾ ಆಗಲಿಲ್ಲ ಎಂದಷ್ಟೇ ಹೇಳುತ್ತದೆ. ಓದಲಾಗದಿದ್ದರೆ ನಾವು ಹೇಳಿದ ಸಂಖ್ಯೆಯನ್ನೇ ಮರಳಿಸುವ ಸ್ಟ್ರ್‌ಟುಇಂಟ್‌ಡೆಫ್‌ಗೆ ಸೊನ್ನೆ ಕೊಟ್ಟು ಕೈತೊಳೆದುಕೊಳ್ಳುವ ಅಭ್ಯಾಸ ಲೆಕ್ಕಪತ್ರದಲ್ಲಿ ಸಲ್ಲದು. ಓದಲಾಗದ ಮೊತ್ತವೂ ನಿಜವಾದ ಸೊನ್ನೆಯೂ ಒಂದೇ ಆಗಿಬಿಡುತ್ತವೆ.

ದಿನಾಂಕದ ಕಷ್ಟ ಇನ್ನೂ ದೊಡ್ಡದು. ಪ್ಯಾಸ್ಕಲ್‌ನ ಟಿಡೇಟ್‌ಟೈಮ್ ಎಂಬುದು ಒಂದು ದಶಮಾಂಶ ಸಂಖ್ಯೆ: 1899ರ ಡಿಸೆಂಬರ್ 30ರಿಂದ ಎಣಿಸಿದ ದಿನಗಳು ಪೂರ್ಣಭಾಗದಲ್ಲಿ, ಗಂಟೆ ನಿಮಿಷಗಳು ಭಿನ್ನಭಾಗದಲ್ಲಿ. ಇಲ್ಲಿ ಗೊಂದಲವಿಲ್ಲ. ಗೊಂದಲ ಶುರುವಾಗುವುದು ಅಕ್ಷರಗಳನ್ನು ದಿನಾಂಕವಾಗಿಸುವ ಸ್ಟ್ರ್‌ಟುಡೇಟ್‌ನಲ್ಲಿ. ದಿನ ಮೊದಲೋ ತಿಂಗಳು ಮೊದಲೋ ಎಂಬುದನ್ನು ಅದು ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್‌ನಿಂದ ತಿಳಿಯುತ್ತದೆ. ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 05/06/2024 ಮೇ 6 ಆಗುತ್ತದೆ, ಬರೆದವರ ಮನಸ್ಸಿನಲ್ಲಿದ್ದದ್ದು ಜೂನ್ 5. ತಿಂಗಳ 12ನೆಯ ತಾರೀಖಿನವರೆಗೆ ಪ್ರೋಗ್ರಾಂ ತಪ್ಪು ದಿನಾಂಕಗಳನ್ನು ಸದ್ದಿಲ್ಲದೆ ಬರೆದುಕೊಳ್ಳುತ್ತದೆ. 13ರಂದು ‘ಅಂಥ ತಿಂಗಳಿಲ್ಲ’ ಎಂದು ಮೊದಲ ಬಾರಿಗೆ ಎಕ್ಸೆಪ್ಶನ್ ಬರುತ್ತದೆ. ‘ನಿನ್ನೆವರೆಗೂ ಸರಿಯಿತ್ತು’ ಎಂಬ ಫೋನ್ ಬಂದರೆ ನಾನು ಮೊದಲು ಕೇಳುವುದು ಇಂದು ತಾರೀಖು ಎಷ್ಟು ಎಂದೇ.

ದಿನಾಂಕವನ್ನು ಅಕ್ಷರವಾಗಿಸುವ ಫಾರ್ಮ್ಯಾಟ್‌ಡೇಟ್‌ಟೈಮ್‌ಗೆ ಕೊಡುವ ನಮೂನೆಯಲ್ಲಿನ ಓರೆಗೆರೆ (/) ಕೂಡ ಓರೆಗೆರೆಯಲ್ಲ, ‘ಇಲ್ಲಿ ಯಂತ್ರದ ದಿನಾಂಕ ವಿಭಾಜಕವನ್ನು ಹಾಕು’ ಎಂಬ ಸೂಚನೆ. ಫ್ರೀ ಪ್ಯಾಸ್ಕಲ್‌ನ ಪೂರ್ವನಿಯೋಜಿತ ವಿಭಾಜಕ ಅಡ್ಡಗೆರೆ (-). ಲಿನಕ್ಸ್‌ನಲ್ಲಿ, ಯಂತ್ರದ ಪ್ರಾದೇಶಿಕ ಸೆಟ್ಟಿಂಗ್ ಓದುವ ಸಿಲೊಕೇಲ್ ಯೂನಿಟ್ ಸೇರಿಸದಿದ್ದರೆ ಅದೇ ಅಚ್ಚಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಟಿಫಾರ್ಮ್ಯಾಟ್‌ಸೆಟ್ಟಿಂಗ್ಸ್ ಬಗೆಯ ಒಂದು ವೇರಿಯಬಲ್ ಇಟ್ಟುಕೊಂಡು ದಿನಾಂಕದ ಕ್ರಮ, ವಿಭಾಜಕ, ದಶಮಾಂಶ ಬಿಂದು ಎಲ್ಲವನ್ನೂ ಅದರಲ್ಲಿ ತುಂಬಿ, ಸ್ಟ್ರ್‌ಟುಡೇಟ್, ಫ್ಲೋಟ್‌ಟುಸ್ಟ್ರ್ ಮುಂತಾದವುಗಳಿಗೆ ಕೊನೆಯ ಆರ್ಗ್ಯುಮೆಂಟ್ ಆಗಿ ಕೊಡಬೇಕು. ಫೈಲಿಗೆ ಬರೆಯುವಾಗ, ಫೈಲಿನಿಂದ ಓದುವಾಗ ನನಗೆ ಇದರಲ್ಲಿ ವಿನಾಯಿತಿಯೇ ಇಲ್ಲ. ಜರ್ಮನಿಯ ಸೆಟ್ಟಿಂಗ್ ಇರುವ ಯಂತ್ರದಲ್ಲಿ ದಶಮಾಂಶ ಬಿಂದುವಿನ ಜಾಗದಲ್ಲಿ ಅಲ್ಪವಿರಾಮ ಇರುತ್ತದೆ. ಇಲ್ಲಿ ಉಳಿಸಿದ ಫೈಲು ಅಲ್ಲಿ ತೆರೆಯುವುದಿಲ್ಲ.

ರೂಪಾಯಿಗೆ ಬಂದರೆ ಸಿಸ್‌ಯುಟಿಲ್ಸ್ ನಮ್ಮ ಕೈಬಿಡುತ್ತದೆ. ಸಂಖ್ಯೆಯನ್ನು ನಮೂನೆಯಂತೆ ಬರೆಯುವ ಫಾರ್ಮ್ಯಾಟ್‌ಫ್ಲೋಟ್ ಅಂಕಿಗಳನ್ನು ಮೂರು ಮೂರಾಗಿಯೇ ಬಿಡಿಸುತ್ತದೆ: 1,234,567.50. ನಮಗೆ ಬೇಕಾದ್ದು 12,34,567.50. ಕೊನೆಯ ಮೂರು ಅಂಕಿ ಬಿಟ್ಟು ಉಳಿದವನ್ನು ಎರಡೆರಡಾಗಿ ಬಿಡಿಸುವ ಪುಟ್ಟ ಫಂಕ್ಷನ್ನನ್ನು ನಾವೇ ಬರೆದುಕೊಳ್ಳಬೇಕು.

ಕನ್ನಡದಲ್ಲಿ ರಸೀದಿ, ಪಟ್ಟಿ ಅಚ್ಚುಹಾಕುವವರಿಗೆ ಇನ್ನೊಂದು ಎಚ್ಚರಿಕೆ. ಫಾರ್ಮ್ಯಾಟ್ ಫಂಕ್ಷನ್‌ನಲ್ಲಿ ಹೆಸರಿಗೆ ಇಪ್ಪತ್ತರ ಅಗಲ ಕೊಟ್ಟರೆ ಇಂಗ್ಲಿಷ್ ಹೆಸರುಗಳು ಸಾಲಾಗಿ ನಿಲ್ಲುತ್ತವೆ, ಕನ್ನಡದವು ನಿಲ್ಲುವುದಿಲ್ಲ. ಲಾಜರಸ್‌ನ ಸ್ಟ್ರಿಂಗ್ (ಅಕ್ಷರಸಾಲು) ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿದೆ, ಅಗಲವನ್ನು ಬೈಟ್‌ಗಳಲ್ಲಿ ಎಣಿಸಲಾಗುತ್ತದೆ. ಅಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್. ‘ಕನ್ನಡ’ ಪದಕ್ಕೆ ಉದ್ದ ಹೇಳುವ ಲೆಂಗ್ತ್ ಫಂಕ್ಷನ್ ಕೊಡುವ ಉತ್ತರ 15, ಕಣ್ಣಿಗೆ ಕಾಣುವುದು ಮೂರು ಅಕ್ಷರ. ಬೈಟ್ ಬದಲು ಸಂಕೇತಗಳನ್ನು ಎಣಿಸುವ ಯುಟಿಎಫ್8ಲೆಂಗ್ತ್ ಕೂಡ ಒತ್ತಕ್ಷರವನ್ನು ಬಿಡಿಸಿ ಎಣಿಸಿ 5 ಎನ್ನುತ್ತದೆ. ಆದ್ದರಿಂದ ಕನ್ನಡದ ಪಟ್ಟಿಯಲ್ಲಿ ಖಾಲಿ ಜಾಗ ತುಂಬಿ ಅಂಕಣ ಕೂಡಿಸುವ ಪ್ರಯತ್ನವನ್ನೇ ಬಿಡಿ. ಅಚ್ಚಾಗುವ ಪುಟವನ್ನು ಚಿತ್ರಿಸುವ ಕ್ಯಾನ್ವಾಸ್‌ನ ಟೆಕ್ಸ್ಟ್‌ವಿಡ್ತ್‌ನಿಂದ ಹೆಸರಿನ ಅಗಲ ಅಳೆದು, ಮೊತ್ತ ಎಲ್ಲಿಂದ ಶುರುವಾಗಬೇಕು ಎಂಬ ಸ್ಥಾನವನ್ನು ನೇರವಾಗಿ ಕೊಡಿ.